ಹಳದಿಗೆ ಮರುಳಾಗಬೇಡ, ಮರಿ

ನೀನು ಮಾಡಿದ ಕರ್ಕ್ಯುಮಿನ್ ಅನಲಾಗ್ ಶ್ವಾಸಕೋಶದ ಕ್ಯಾನ್ಸರ್ ಕೋಶಗಳನ್ನು ಚೆನ್ನಾಗಿ ಕೊಂದಿತಂತೆ. ಸಂತೋಷ. ಒಂದೇ ಪ್ಲೇಟ್ ನೋಡಿ ಪೇಪರಿನ ಶೀರ್ಷಿಕೆಯನ್ನೂ ಬರೆದಿಟ್ಟಿದ್ದೀಯಂತೆ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಚಾಳಿ ನಿಮ್ಮ ವಯಸ್ಸಿನದು. ಕಲ್ಚರ್ ಹುಡ್ ಮುಂದೆ ಕೂತೇ ತಲೆ ನರೆಸಿಕೊಂಡವಳು ನಾನು. ಸ್ವಲ್ಪ ಕೇಳು.

ಮೊದಲು ತಾಯಿ ಅಣುವಿನ ಗುಣ ತಿಳಿದುಕೋ. ಆರತಿ ತಟ್ಟೆಯ ಅರಿಶಿನದ ನೀರಿಗೆ ಸುಣ್ಣ ಹಾಕಿದೊಡನೆ ಕೆಂಪೇರುತ್ತದಲ್ಲ, ಅದು ಕರ್ಕ್ಯುಮಿನ್ನಿನ ಚಂಚಲ ಬುದ್ಧಿ. ಸೀರಮ್ ಇಲ್ಲದ ಬಫರಿನಲ್ಲಿ, ಪಿಎಚ್ 7.2ರಲ್ಲಿ, 37 ಡಿಗ್ರಿಯಲ್ಲಿ ಇಟ್ಟರೆ ಅರ್ಧ ಗಂಟೆಗೆ ಶೇ. 90ರಷ್ಟು ಒಡೆದುಹೋಗುತ್ತದೆ. ನುಂಗಿದರೆ ರಕ್ತಕ್ಕೆ ಸೇರುವುದೂ ಅತ್ಯಲ್ಪ. ನಡುವಿನ ಬೀಟಾ-ಡೈಕೀಟೋನ್ ತುಂಡೇ ಅದರ ದುರ್ಬಲ ಜಾಗ. ಅದಕ್ಕೇ ಇಎಫ್24ರಂಥ ಅನಲಾಗ್‌ಗಳಲ್ಲಿ ಒಂದೇ ಕಾರ್ಬೊನಿಲ್ ಇಟ್ಟರು. ನಿನ್ನದೂ ಅದೇ ವಂಶ. ಆದರೆ ತಾಯಿಗಿಂತ ಗಟ್ಟಿ ಎಂದು ಬಾಯಲ್ಲಿ ಹೇಳಬೇಡ, ಮೀಡಿಯಮ್ಮಿನಲ್ಲಿಟ್ಟು ಅಳೆದು ತೋರಿಸು.

ಇನ್ನು ಕೋಶ ಬದುಕಿದೆಯೇ ಎಂದು ನೋಡುವ ಎಂಟಿಟಿ ಪರೀಕ್ಷೆ. ಜೀವಂತ ಕೋಶ ಹಳದಿ ಎಂಟಿಟಿಯನ್ನು ನೇರಳೆ ಮಾಡುತ್ತದೆ, ನೀನು ಅದನ್ನು 570 ನ್ಯಾನೊಮೀಟರಿನಲ್ಲಿ ಓದುತ್ತೀಯ. ಸರಿ. ಆದರೆ ನಿನ್ನ ಅಣುವೂ ಹಳದಿಯೇ, ಆ ಬಣ್ಣ ಓದನ್ನು ಕೆಡಿಸಬಹುದು. ಅದೂ ಅಲ್ಲದೆ, ಫೀನಾಲ್ ಜಾತಿಯ ಕೆಲವು ಅಣುಗಳು ಕೋಶದ ಹಂಗೇ ಇಲ್ಲದೆ ಎಂಟಿಟಿಯನ್ನು ನೇರಳೆ ಮಾಡುತ್ತವೆ. ಆಗ ಸತ್ತ ಕೋಶವೂ ಬದುಕಿದ ಲೆಕ್ಕಕ್ಕೆ ಸೇರುತ್ತದೆ. ನೇರಳೆ ಇಳಿಯಿತೆಂದರೂ ಕೋಶ ಸತ್ತಿತೆಂದೇ ಅಲ್ಲ, ಬರೀ ಬೆಳವಣಿಗೆ ನಿಂತಿರಬಹುದು. ಆದ್ದರಿಂದ ಕೋಶವಿಲ್ಲದ ವೆಲ್‌ಗಳಿಗೂ ಔಷಧಿ ಹಾಕು. ಬರೀ ಡಿಎಂಎಸ್‌ಒ ಹಾಕಿದ ಸಾಲು ಬೇಕು, ಸಿಸ್‌ಪ್ಲಾಟಿನ್ ಸಾಲೂ ಬೇಕು. ಅಂಚಿನ ವೆಲ್‌ಗಳು ಬೇಗ ಆರುತ್ತವೆ, ಅಲ್ಲಿ ಬಫರ್ ತುಂಬಿ ಬಿಡು. 96 ವೆಲ್‌ಗಳಲ್ಲಿ ಅಷ್ಟೊಂದು ದಂಡ ಎಂದು ಮುಖ ಸಿಂಡರಿಸಬೇಡ. ನಿನ್ನ ಮಾನ ಕಾಯುವುದು ಆ ವೆಲ್‌ಗಳೇ.

ಕೊಲ್ಲುವುದು ದೊಡ್ಡ ವಿದ್ಯೆಯಲ್ಲ. ಬ್ಲೀಚ್ ಹಾಕಿದರೂ ಕೋಶ ಸಾಯುತ್ತದೆ. ನಿನ್ನ ಎ549 ಕ್ಯಾನ್ಸರ್ ಕೋಶ ಸಾಯುವ ಪ್ರಮಾಣದಲ್ಲಿ ಎಂಆರ್‌ಸಿ-5ರಂಥ ಸಾಮಾನ್ಯ ಶ್ವಾಸಕೋಶದ ಕೋಶ ಬದುಕುತ್ತದೆಯೇ? ಅದನ್ನು ಹೇಳು, ಆಗ ಕಿವಿಗೊಡುತ್ತೇನೆ. ಪಕ್ಕದ ಲ್ಯಾಬಿನ ಗೆಳೆಯ ಪ್ರೀತಿಯಿಂದ ಕೊಟ್ಟ ಫ್ಲಾಸ್ಕನ್ನು ನೆಚ್ಚಬೇಡ. ಪುಣೆಯ ಎನ್‌ಸಿಸಿಎಸ್‌ ಕೋಶ ಭಂಡಾರದಿಂದ ತರಿಸು, ಮೈಕೊಪ್ಲಾಸ್ಮಾ ಪರೀಕ್ಷೆ ಮಾಡಿಸು.

ಈ ಅಣು ನಿನಗಿಂತ ಜಾಣರನ್ನೂ ಆಟವಾಡಿಸಿದೆ. ಕರ್ಕ್ಯುಮಿನ್ ಪರೀಕ್ಷೆಗಳಲ್ಲಿ ಮೋಸಗಾರ ಅಣು ಎಂದು 2017ರಲ್ಲಿ ಔಷಧ ರಸಾಯನಜ್ಞರೇ ವಿವರವಾಗಿ ಬರೆದರು. ಹಾಗೆಂದು ಕೈಬಿಡಬೇಡ. ನಿನ್ನ ಕೈಚಳಕ ನನಗೆ ಗೊತ್ತು. ಕೊರತೆ ಇರುವುದು ತಾಳ್ಮೆಯಲ್ಲಿ.

ಊರಿಗೆ ಹೋದಾಗ ಸೋದರತ್ತೆ, "ಅರಿಶಿನದ ಹಾಲು ಕುಡಿದರೆ ಕ್ಯಾನ್ಸರ್ ಹೋಗುತ್ತದಂತೆ, ಹೌದೇನೋ?" ಎಂದರೆ ಎದೆಯುಬ್ಬಿಸಬೇಡ. "ಇಲ್ಲತ್ತೆ, ನಾನು ನೋಡಿದ್ದು ಪ್ಲಾಸ್ಟಿಕ್ ಪ್ಲೇಟಿನಲ್ಲಿ" ಅನ್ನು.

ಈಗ ಹೋಗಿ ಹೊಸ ಸ್ಟಾಕ್ ಮಾಡು. ಟ್ಯೂಬುಗಳಿಗೆ ಗೆಳತಿಯ ಕೈಯಿಂದ ಗುಟ್ಟಿನ ನಂಬರ್ ಹಾಕಿಸು, ಬೇರೆ ಬೇರೆ ದಿನ ಇನ್ನೆರಡು ಸಲ ಮಾಡು. ಅಂಕಿ ಆಗಲೂ ನಿಂತರೆ ಸಿಹಿ ಕೊಡಿಸುವವಳು ನಾನು. ಬಿದ್ದರೆ ಅದನ್ನೂ ನೋಟ್‌ಬುಕ್ಕಿನಲ್ಲಿ ಶಾಯಿಯಲ್ಲೇ ಬರೆ.