ಪುಟ್ಟ ಮಕ್ಕಳಿರುವ ಮನೆ ಹೇಗಿರಬೇಕು?

ಐದು ವರ್ಷದೊಳಗಿನ ಮಕ್ಕಳಿಗೆ ಆಗುವ ಅವಘಡಗಳಲ್ಲಿ ಬಹುಪಾಲು ನಡೆಯುವುದು ಮನೆಯೊಳಗೇ, ಅದೂ ದೊಡ್ಡವರು ನಾಲ್ಕು ಹೆಜ್ಜೆ ದೂರದಲ್ಲಿರುವಾಗಲೇ. ಸುಟ್ಟಗಾಯ, ವಿಷಸೇವನೆ, ನೀರಿಗೆ ಬೀಳುವುದು, ಉಸಿರುಕಟ್ಟುವುದು ಇವುಗಳನ್ನು ಹಣೆಬರಹವೆಂದು ಸುಮ್ಮನಿರಬೇಕಿಲ್ಲ. ಹೆಚ್ಚಿನವನ್ನು ತಡೆಯಬಹುದು. ಆ ಬಗ್ಗೆ ಬಂದ ಕೆಲವು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಗನಿಗೆ ಒಂಬತ್ತು ತಿಂಗಳು. ಅಂಬೆಗಾಲಿಡುತ್ತಾನೆ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾನೆ. ಯಾರಾದರೊಬ್ಬರು ಸದಾ ಅವನ ಹಿಂದೆಯೇ ಇರುತ್ತೇವೆ. ಇಷ್ಟು ಸಾಕೇ?
– ಗೃಹಿಣಿ, ತಿಪಟೂರು

ಸಾಲದು. ಹಾಲು ಉಕ್ಕುತ್ತದೆ, ಫೋನ್ ಬರುತ್ತದೆ, ಬಾಗಿಲಿಗೆ ಯಾರೋ ಬರುತ್ತಾರೆ. ಅಷ್ಟರಲ್ಲಿ ಮಗು ಕೋಣೆಯ ಆ ತುದಿಯಲ್ಲಿರುತ್ತದೆ. ಕಣ್ಣು ಎಷ್ಟೇ ಎಚ್ಚರವಾಗಿದ್ದರೂ ಒಮ್ಮೆ ತಪ್ಪುತ್ತದೆ. ಅದು ತಪ್ಪಿದ ಗಳಿಗೆಯಲ್ಲೂ ಮಗುವಿಗೆ ಏನೂ ಆಗದಂತೆ ಮನೆಯನ್ನು ಅಣಿ ಮಾಡುವುದೇ ನಿಜವಾದ ಕಾವಲು. ಬೈದು ಬುದ್ಧಿ ಹೇಳಿದರೂ ಈ ವಯಸ್ಸಿಗೆ ಅದು ನಿಲ್ಲುವುದಿಲ್ಲ. 'ಬೇಡ' ಎಂದದ್ದನ್ನು ನೆನಪಿಟ್ಟು ಕೈ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ.

ಒಮ್ಮೆ ನೀವೂ ನೆಲದ ಮೇಲೆ ಅಂಬೆಗಾಲಿಟ್ಟು ಇಡೀ ಮನೆ ಸುತ್ತಿ. ಸೋಫಾ ಕೆಳಗೆ ಬಿದ್ದ ನಾಣ್ಯ, ಮಂಚದ ಹಿಂದಿನ ಪ್ಲಗ್, ಮೂಲೆಯಲ್ಲಿರುವ ಈಳಿಗೆಮಣೆ, ಜೋತಾಡುವ ಇಸ್ತ್ರಿಪೆಟ್ಟಿಗೆಯ ವೈರು ಎಲ್ಲ ಆಗ ಕಣ್ಣಿಗೆ ಬೀಳುತ್ತವೆ. ಕೆಳಮಟ್ಟದ ಸಾಕೆಟ್‌ಗಳಿಗೆ ಮುಚ್ಚಳ ಹಾಕಿ. ಎಲೆಕ್ಟ್ರಿಷಿಯನ್‌ಗೆ ಹೇಳಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಕೂರಿಸಿ, ವಿದ್ಯುತ್ ಸೋರಿದರೆ ಅದು ಕ್ಷಣಾರ್ಧದಲ್ಲಿ ಸಂಪರ್ಕ ಕಡಿಯುತ್ತದೆ. ಟಿವಿ, ಕಪಾಟುಗಳನ್ನು ಗೋಡೆಗೆ ಬಿಗಿಯಿರಿ. ಬಾಲ್ಕನಿ ಕಂಬಿಗಳ ನಡುವಿನ ಸಂದು 4 ಅಂಗುಲ ಮೀರದಿರಲಿ, ಅದರ ಪಕ್ಕ ಹತ್ತಲು ಅನುಕೂಲವಾಗುವ ಸ್ಟೂಲು, ಕುಂಡ ಇರದಿರಲಿ. ದೃಷ್ಟಿಯಾಗಬಾರದೆಂದು ಕೊರಳಿಗೆ ಕಟ್ಟಿದ ಕರಿದಾರ ತೊಟ್ಟಿಲಿಗೋ ಕಿಟಕಿಗೋ ಸಿಕ್ಕಿಕೊಂಡರೆ ಉರುಳಾಗುತ್ತದೆ. ಅಂಗಿಗೆ ಚುಚ್ಚಿದ ಪಿನ್ನು ಹೊಟ್ಟೆ ಸೇರಬಹುದು. ಎರಡನ್ನೂ ತೆಗೆದುಬಿಡಿ.

ಪ್ರಶ್ನೆ: ಹಬ್ಬದ ದಿನ ಎರಡು ವರ್ಷದ ಮಗಳ ಕೈಮೇಲೆ ಬಿಸಿ ಸಾರು ಚೆಲ್ಲಿತು. ಮನೆಯವರು ತಕ್ಷಣ ಟೂತ್‌ಪೇಸ್ಟ್ ಹಚ್ಚಿದರು. ಇದು ಸರಿಯೇ?
– ಓದುಗರು, ಹಾವೇರಿ

ಸರಿಯಲ್ಲ. ಟೂತ್‌ಪೇಸ್ಟ್, ಇಂಕು, ತುಪ್ಪ, ಅರಿಶಿನ, ಮಂಜುಗಡ್ಡೆ ಯಾವುದೂ ಬೇಡ. ಸುಟ್ಟ ಜಾಗವನ್ನು ಹರಿಯುವ ತಣ್ಣನೆಯ ನಲ್ಲಿನೀರಿನ ಕೆಳಗೆ ಪೂರ್ತಿ 20 ನಿಮಿಷ ಹಿಡಿಯಿರಿ. ಚರ್ಮದ ಮೇಲೆ ಸುಡುವುದು ನಿಂತರೂ ಒಳಗೆ ಕಾವು ಇಳಿಯುತ್ತಲೇ ಇರುತ್ತದೆ, ಅದನ್ನು ತಡೆಯುವುದು ನೀರೇ. ಊತ ಬರುವ ಮೊದಲೇ ಬಳೆ, ಉಂಗುರ ಬಿಚ್ಚಿ. ಮೈಯ ಉಳಿದ ಭಾಗಕ್ಕೆ ಬೆಚ್ಚಗೆ ಹೊದಿಸಿ. ಆಮೇಲೆ ಶುಭ್ರವಾದ ಬಟ್ಟೆ ಸಡಿಲವಾಗಿ ಮುಚ್ಚಿ ವೈದ್ಯರಿಗೆ ತೋರಿಸಿ. ಗುಳ್ಳೆ ಒಡೆಯಬೇಡಿ.

ಇನ್ನು ಮುಂದೆ ಬಿಸಿ ಪಾತ್ರೆಯನ್ನು ನೆಲದ ಮೇಲೆ ಇಳಿಸುವ ರೂಢಿ ಬಿಡಿ. ಊಟ ಬಡಿಸುವಾಗ ಮಗು ಯಾರದಾದರೂ ಮಡಿಲಲ್ಲಿರಲಿ, ಆದರೆ ಮಡಿಲಲ್ಲಿ ಮಗು ಇರುವಾಗ ಕೈಯಲ್ಲಿ ಕಾಫಿ ಲೋಟ ಇರಬಾರದು. ಸ್ನಾನಕ್ಕೆ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಈ ಕ್ರಮ ಎಂದೂ ತಪ್ಪಬಾರದು. ಗೀಸರ್ 50 ಡಿಗ್ರಿ ಸೆಲ್ಸಿಯಸ್ ದಾಟದಂತೆ ಇಡಿ. 60 ಡಿಗ್ರಿಯ ನೀರು ಮಗುವಿನ ತೆಳು ಚರ್ಮವನ್ನು ಕೆಲವೇ ಸೆಕೆಂಡುಗಳಲ್ಲಿ ಆಳವಾಗಿ ಸುಡುತ್ತದೆ. ಬಕೆಟ್ಟಿನಲ್ಲಿ ಕಾಯಿಲ್ ಹಾಕಿ ನೀರು ಕಾಯಿಸುವ ಅಭ್ಯಾಸ ಪುಟ್ಟ ಮಕ್ಕಳಿರುವ ಮನೆಗೆ ಬೇಡವೇ ಬೇಡ.

ಪ್ರಶ್ನೆ: ಮಗು ಸೀಮೆಎಣ್ಣೆ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಕು ಅನ್ನುತ್ತಾರೆ. ನಿಜವೇ?
– ಅಂಗನವಾಡಿ ಕಾರ್ಯಕರ್ತೆ, ಸಿಂಧನೂರು

ಖಂಡಿತ ಮಾಡಿಸಬಾರದು. ಸೀಮೆಎಣ್ಣೆ ಹೊಟ್ಟೆಗಿಂತ ಹೆಚ್ಚು ಕೆಡಿಸುವುದು ಶ್ವಾಸಕೋಶವನ್ನು. ವಾಂತಿಯಾಗುವಾಗ ಅದು ಉಸಿರಿನ ದಾರಿಗೆ ಇಳಿದು ನ್ಯುಮೋನಿಯಾ ತರುತ್ತದೆ. ಆಸಿಡ್, ಟಾಯ್ಲೆಟ್ ಕ್ಲೀನರ್ ಕುಡಿದಿದ್ದರೆ ವಾಂತಿಯಿಂದ ಗಂಟಲು ಎರಡನೇ ಸಲ ಸುಡುತ್ತದೆ. ಉಪ್ಪುನೀರೂ ಸ್ವತಃ ಅಪಾಯಕಾರಿ. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಬಿಚ್ಚಿ, ಚರ್ಮ ತೊಳೆದು, ಕುಡಿದ ಬಾಟಲಿಯನ್ನೂ ಜೊತೆಗೆ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಸೀಮೆಎಣ್ಣೆ ಕುಡಿದ ಮಗು ಲವಲವಿಕೆಯಿಂದ ಇದ್ದರೂ ಕನಿಷ್ಠ 6 ಗಂಟೆ ವೈದ್ಯರ ನಿಗಾದಲ್ಲಿರಬೇಕು.

ತಪ್ಪು ಶುರುವಾಗುವುದು ಬಾಟಲಿಯಿಂದ. ಫಿನಾಯಿಲ್, ಆಸಿಡ್, ಕೀಟನಾಶಕವನ್ನು ನೀರಿನ ಬಾಟಲಿಗೋ ಜ್ಯೂಸ್ ಬಾಟಲಿಗೋ ತುಂಬಿಟ್ಟರೆ ಮಗು ಅದನ್ನು ಕುಡಿಯುವ ವಸ್ತುವೆಂದೇ ತಿಳಿಯುತ್ತದೆ. ಅವು ಮೂಲ ಡಬ್ಬಿಯಲ್ಲೇ, ಬೀಗದ ಕಪಾಟಿನಲ್ಲೇ ಇರಲಿ. ನಾವು ವಿಷವೆಂದು ಎಣಿಸದ ವಸ್ತುಗಳೂ ಇವೆ. ದೇವರ ಮನೆಯ ಕರ್ಪೂರ ಮತ್ತು ನೀಲಗಿರಿ ಎಣ್ಣೆ ಸ್ವಲ್ಪವೇ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು. ಟೂತ್‌ಪೇಸ್ಟಿನಂತೆ ಕಾಣುವ ಇಲಿಪಾಷಾಣ ಯಕೃತ್ತನ್ನೇ ನಾಶಮಾಡಬಲ್ಲದು. ಗರ್ಭಿಣಿಯರಿಗೆ ಕೊಡುವ ಕಬ್ಬಿಣಾಂಶದ ಮಾತ್ರೆಗಳು, ಅಜ್ಜನ ಸಕ್ಕರೆ ಕಾಯಿಲೆಯ ಮತ್ತು ಬಿಪಿ ಮಾತ್ರೆಗಳು ಮಗುವಿನ ಪ್ರಾಣಕ್ಕೇ ಕುತ್ತು ತರಬಹುದು. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳಲ್ಲಿ ಒಂದೇ ಸಾಕು, ಪರಿಣಾಮ ಗಂಟೆಗಳ ನಂತರವೂ ಕಾಣಿಸಬಹುದು. ಮಾತ್ರೆಯನ್ನು 'ಪೆಪ್ಪರಮೆಂಟು' ಎಂದು ಪುಸಲಾಯಿಸಿ ಎಂದೂ ಕೊಡಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ನೀರಿನ ತಾಪತ್ರಯ. ಬಕೆಟ್, ಡ್ರಮ್ಮುಗಳಲ್ಲಿ ತುಂಬಿಡುತ್ತೇವೆ. ಅರ್ಧ ಬಕೆಟ್ ನೀರಿನಿಂದಲೂ ಅಪಾಯವಿದೆಯೇ?
– ಓದುಗರು, ಬೆಂಗಳೂರು

ಇದೆ. ಪುಟ್ಟ ಮಗುವಿನ ತಲೆ ದೇಹದ ಲೆಕ್ಕದಲ್ಲಿ ಭಾರ. ನೀರಾಟಕ್ಕೆ ಬಕೆಟ್ಟಿನ ಅಂಚು ಹಿಡಿದು ಬಗ್ಗಿದಾಗ ತಲೆಕೆಳಗಾಗಿ ಒಳಬೀಳುತ್ತದೆ. ನೀರಿನ ಭಾರಕ್ಕೆ ಬಕೆಟ್ ಉರುಳುವುದಿಲ್ಲ, ಮಗುವಿಗೆ ಮೇಲೇಳಲು ತೋಳಿನಲ್ಲಿ ಬಲವಿರುವುದಿಲ್ಲ. ಮೂಗು ಬಾಯಿ ಮುಚ್ಚುವಷ್ಟು, ಎರಡು ಅಂಗುಲ ನೀರಿದ್ದರೂ ಸಾಕು. ಕೂಗಾಟವಾಗಲೀ ಒದ್ದಾಟದ ಸದ್ದಾಗಲೀ ಕೇಳುವುದಿಲ್ಲ, ಪಕ್ಕದ ಕೋಣೆಯಲ್ಲಿದ್ದವರಿಗೂ ಗೊತ್ತಾಗುವುದಿಲ್ಲ.

ಬಳಸಿದ ಬಕೆಟ್ ಬೋರಲು ಹಾಕಿ, ಡ್ರಮ್ಮಿಗೆ ಬಿಗಿ ಮುಚ್ಚಳವಿರಲಿ, ಬಚ್ಚಲುಮನೆಗೆ ಮಗುವಿನ ಕೈಗೆಟುಕದ ಎತ್ತರದಲ್ಲಿ ಚಿಲಕ ಹಾಕಿಸಿ. ಸಂಪಿನ ಮುಚ್ಚಳಕ್ಕೆ ಬೀಗ ಬೇಕು. ಟ್ಯಾಂಕರ್ ಬಂದು ಮುಚ್ಚಳ ತೆಗೆದಾಗ, ಮತ್ತೆ ಹಾಕುವತನಕ ಒಬ್ಬರು ಅಲ್ಲೇ ನಿಂತಿರಬೇಕು. ಹಳ್ಳಿಗಳಲ್ಲಿ ಬಾವಿಗೆ ಕಟ್ಟೆ, ಕೃಷಿ ಹೊಂಡಕ್ಕೆ ಸುತ್ತ ಬೇಲಿ ಕಡ್ಡಾಯವೆಂದೇ ತಿಳಿಯಿರಿ. ಪ್ಲಾಸ್ಟಿಕ್ ಹಾಸಿದ ಹೊಂಡದ ಇಳಿಜಾರಿನಲ್ಲಿ ಕಾಲು ಜಾರಿದರೆ ದೊಡ್ಡವರಿಗೂ ಹತ್ತಿ ಬರುವುದು ಕಷ್ಟ. ನೀರಿನಿಂದ ತೆಗೆದ ಮಗು ಉಸಿರಾಡದಿದ್ದರೆ ತಲೆಕೆಳಗು ಹಿಡಿಯುವುದು, ಹೊಟ್ಟೆ ಒತ್ತುವುದು ಮಾಡಬೇಡಿ. ತಕ್ಷಣ ಬಾಯಿಂದ ಉಸಿರು ಕೊಟ್ಟು, ಎದೆ ಒತ್ತಲು ಶುರುಮಾಡಿ, ಇನ್ನೊಬ್ಬರಿಂದ 108ಕ್ಕೆ ಕರೆ ಮಾಡಿಸಿ.

ಪ್ರಶ್ನೆ: ಮೂರು ವರ್ಷದ ಮಗುವಿಗೆ ಕಡಲೆಕಾಯಿ ಬೀಜ ಕೊಡಬಹುದೇ? ಗಂಟಲಿಗೆ ಸಿಕ್ಕರೆ ಏನು ಮಾಡಬೇಕು?
– ಶಿಕ್ಷಕಿ, ಚಳ್ಳಕೆರೆ

ಇಡಿಯಾಗಿ ಬೇಡ. ಐದು ತುಂಬುವವರೆಗೆ ಕಡಲೆಕಾಯಿ, ಹುರಿಗಡಲೆಗಳನ್ನು ಪುಡಿ ಮಾಡಿಯೇ ಕೊಡಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ. ಓಡುತ್ತಾ, ನಗುತ್ತಾ, ಅಳುತ್ತಾ ತಿನ್ನಲು ಬಿಡಬೇಡಿ.

ಸಿಕ್ಕಿಕೊಂಡಾಗ ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲಿ, ಅದೇ ಒಳ್ಳೆಯ ಮದ್ದು. ಕೆಮ್ಮಾಗಲೀ ದನಿಯಾಗಲೀ ಹೊರಡದಿದ್ದರೆ ಮುಂದಕ್ಕೆ ಬಗ್ಗಿಸಿ, ಅಂಗೈಯ ಬುಡದಿಂದ ಎರಡು ಭುಜದೆಲುಬುಗಳ ನಡುವೆ 5 ಬಾರಿ ಗುದ್ದಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ 5 ಬಾರಿ ಒತ್ತಿ. ವಸ್ತು ಹೊರಬರುವತನಕ ಇದೇ ಸರದಿ. ಒಂದು ವರ್ಷದೊಳಗಿನ ಕೂಸಿನ ಹೊಟ್ಟೆ ಒತ್ತಬಾರದು. ಅದನ್ನು ಮುಂದೋಳಿನ ಮೇಲೆ ತಲೆ ತಗ್ಗಾಗುವಂತೆ ಬೋರಲು ಮಲಗಿಸಿ 5 ಗುದ್ದು, ಬಳಿಕ ಅಂಗಾತ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ 5 ಒತ್ತು. ಕಾಣದ ವಸ್ತುವಿಗೆ ಬಾಯಲ್ಲಿ ಬೆರಳಾಡಿಸಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ. ಪ್ರಜ್ಞೆ ತಪ್ಪಿದರೆ ಎದೆ ಒತ್ತಿ ಉಸಿರು ಕೊಡಲು ಆರಂಭಿಸಿ, 108ಕ್ಕೆ ಕರೆ ಮಾಡಿಸಿ.

ಒಂದು ವಿಷಯ ನೆನಪಿರಲಿ. ಬೀಜ ತಿನ್ನುವಾಗ ಏಕಾಏಕಿ ಕೆಮ್ಮು ಬಂದು ತಾನಾಗಿ ನಿಂತರೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಬೀಜ ಶ್ವಾಸನಾಳದಲ್ಲಿ ಕುಳಿತು ದಿನಗಳ ನಂತರ ಉಬ್ಬಸ, ಜ್ವರವಾಗಿ ಕಾಣಿಸಬಹುದು. ಅಂದು ಕೆಮ್ಮಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಪ್ರಶ್ನೆ: ರಿಮೋಟಿನ ಪುಟ್ಟ ಗುಂಡನೆಯ ಸೆಲ್ ನುಂಗಿದರೆ ಮಲದಲ್ಲಿ ಹೋಗುತ್ತದಲ್ಲವೇ?
– ಓದುಗರು, ಮೂಡುಬಿದಿರೆ

ಕಾಯಬೇಡಿ. ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆ ಗೋಡೆಯ ಮೂಲಕ ವಿದ್ಯುತ್ ಹರಿದು ಅಲ್ಲೇ ಕ್ಷಾರ ಹುಟ್ಟುತ್ತದೆ. ಎರಡೇ ಗಂಟೆಯಲ್ಲಿ ಆಳವಾದ ಸುಟ್ಟಗಾಯವಾಗಬಹುದು. ಎಕ್ಸ್‌ರೇ ಮತ್ತು ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ತಕ್ಷಣ ಹೊರಡಿ. ನುಂಗಿದ ಅನುಮಾನವಿದ್ದರೂ ಅಷ್ಟೇ ತುರ್ತು. ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ಕೊಳ್ಳಬೇಡಿ, ಹಳೆಯ ಸೆಲ್ ಬದಲಿಸಿದ ಕೂಡಲೇ ಟೇಪ್ ಸುತ್ತಿ ಮಗುವಿನ ಕೈಗೆ ಸಿಗದಂತೆ ವಿಲೇವಾರಿ ಮಾಡಿ.

ಪ್ರಶ್ನೆ: ಬೇಗ ನಡೆಯಲಿ ಎಂದು ವಾಕರ್ ಕೊಡಿಸುವ ಆಸೆ. ಕೊಡಿಸಬಹುದೇ?
– ಓದುಗರು, ಧಾರವಾಡ

ಬೇಡ. ವಾಕರಿನಿಂದ ಮಗು ಬೇಗ ನಡೆಯುವುದಿಲ್ಲ. ನೀವು ಧಾವಿಸುವ ಮೊದಲೇ ಅದು ಮೆಟ್ಟಿಲಿನ ಅಂಚು, ಒಲೆಯ ಬುಡ ಸೇರುತ್ತದೆ. ಕೆನಡಾ 2004ರಲ್ಲೇ ವಾಕರ್ ಮಾರಾಟ ನಿಷೇಧಿಸಿತು. ನೆಲದ ಮೇಲೆ ಚಾಪೆ ಹಾಸಿ ಆಡಲು ಬಿಡಿ, ಕಾಲು ತಾನೇ ಗಟ್ಟಿಯಾಗುತ್ತದೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್ಲ ಮಾಡಿದ್ದೇವೆ. ಅಜ್ಜಿ ಊರಿಗೆ, ನೆಂಟರ ಮನೆಗೆ ಹೋದಾಗ?
– ಓದುಗರು, ಶಿವಮೊಗ್ಗ

ಹೋದ ಕೂಡಲೇ ಬಾವಿ, ಹಂಡೆಯ ಬೆಂಕಿ, ಮಾತ್ರೆ ಡಬ್ಬಿ, ಮೆಟ್ಟಿಲು ಈ ನಾಲ್ಕನ್ನು ನೋಡಿ, ಮನೆಯವರಿಗೆ ಸಂಕೋಚವಿಲ್ಲದೆ ಹೇಳಿ. ತುಂಬಿದ ಮನೆಯಲ್ಲಿ ಎಲ್ಲರೂ ನೋಡುತ್ತಿದ್ದಾರೆಂದುಕೊಂಡು ಯಾರೂ ನೋಡುವುದಿಲ್ಲ. 'ಈಗ ಮಗು ನನ್ನ ಜವಾಬ್ದಾರಿ' ಎಂದು ಒಬ್ಬರು ಬಾಯಿಬಿಟ್ಟು ಹೇಳಿ ವಹಿಸಿಕೊಳ್ಳಲಿ, ಏಳುವಾಗ ಇನ್ನೊಬ್ಬರಿಗೆ ಹೇಳಿಯೇ ಏಳಲಿ. ಆಂಬುಲೆನ್ಸಿನ 108, ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ 1800 116 117 ಇವೆರಡು ಸಂಖ್ಯೆಗಳು ಎಲ್ಲರ ಫೋನಿನಲ್ಲಿರಲಿ. ಹತ್ತಿರದಲ್ಲಿ ಮಕ್ಕಳ ತುರ್ತು ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂದು ಹೋದ ದಿನವೇ ಕೇಳಿಟ್ಟುಕೊಳ್ಳಿ.