ತರಗತಿಯ ಆಹಾರಪಾಠ ಮತ್ತು ಬಾಲಶ್ರಾವಕರ ನಿಯಮ

ಪ್ರಾಥಮಿಕ ಶಾಲೆಯ ಮೊದಲ ಮೂರು ತರಗತಿಗಳಲ್ಲಿ ಆಹಾರವೆಂಬ ವಿಷಯವು ಯಾವುದಾದರೊಂದು ರೂಪದಲ್ಲಿ ಬಂದೇ ಬರುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ಅನಂತರ ನಾಡಿನ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಗುಂಪುಗುಂಪಾಗಿ ಕುಳಿತು, ಚಿತ್ರದ ಕಾರ್ಡುಗಳನ್ನು ನೋಡಿ, ತಂತಮ್ಮ ಮನೆಯ ಊಟವನ್ನು ಹೇಳಿ ಕಲಿಯುತ್ತಾರೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಮಕ್ಕಳಿಗಾದರೋ ಚಿತ್ರವೇ ಬೇಡ. ರಾಗಿ, ಅವರೆ, ಕಡಲೆಕಾಯಿ, ಆಲೂಗಡ್ಡೆ, ಟೊಮೇಟೊ, ದ್ರಾಕ್ಷಿ ಇವೆಲ್ಲ ಊರಾಚೆಯ ಹೊಲತೋಟಗಳಲ್ಲಿಯೇ ಇವೆ.

ಜೈನ ಮನೆಯ ಮಗುವಿನ ತೊಡಕು ಇಲ್ಲಿಂದ ಆರಂಭವಾಗುತ್ತದೆ. “ನಮ್ಮ ಮನೆಯಲ್ಲಿ ಆಲೂಗಡ್ಡೆ ತಿನ್ನುವುದಿಲ್ಲ” ಎಂದು ಅದು ಹೇಳುತ್ತದೆ. “ಏಕೆ?” ಎಂದು ಪಕ್ಕದಲ್ಲಿ ಕುಳಿತವನು ಕೇಳುತ್ತಾನೆ. ಅವನ ತಂದೆ ಆಲೂಗಡ್ಡೆ ಬೆಳೆದೇ ಮಗನನ್ನು ಓದಿಸುತ್ತಿರಬಹುದು. “ತಿಂದರೆ ಪಾಪ” ಎಂಬ ಎರಡೇ ಮಾತನ್ನು ಮನೆಯಲ್ಲಿ ಕಲಿತ ಮಗು ಅದನ್ನೇ ಅಲ್ಲಿ ಒಪ್ಪಿಸಿಬಿಡುತ್ತದೆ. ಗೆಳೆಯನ ಮುಖ ಬಾಡುತ್ತದೆ. ಜೀವದಯೆಗೆಂದು ಹೇಳಿಕೊಟ್ಟ ನಿಯಮವು ಹೀಗೆ ಮಾತಿನ ಹಿಂಸೆಗೆ ಕಾರಣವಾದರೆ, ತಪ್ಪು ಮಗುವಿನದಲ್ಲ, ಕಲಿಸಿದವರದು.

ಕಾರಣವನ್ನು ಎಳೆಯರಿಗೆ ತಿಳಿಯುವಂತೆ ಹೇಳಲು ಸಾಧ್ಯವಿದೆ. ಆಲೂಗಡ್ಡೆಯ ಮೇಲೆ ಕಣ್ಣುಗಳಿರುತ್ತವೆ. ರೈತನು ಬಿತ್ತನೆಯ ಗಡ್ಡೆಯನ್ನು ಕತ್ತರಿಸುವಾಗ ಪ್ರತಿ ಹೋಳಿನಲ್ಲಿಯೂ ಕಣ್ಣು ಉಳಿಯುವಂತೆ ನೋಡಿಕೊಳ್ಳುತ್ತಾನೆ. ಹೋಳುಹೋಳೂ ಬೇರೆ ಗಿಡವಾಗುತ್ತದೆ. ಒಂದೇ ಶರೀರದಲ್ಲಿ ಅನಂತ ಜೀವಗಳು ಇರುವುದರಿಂದ ಕಂದಮೂಲಗಳನ್ನು ಅನಂತಕಾಯವೆಂದು ಆಗಮವು ಹೇಳುತ್ತದೆ. ಕಣ್ಣಿನ ಮೊಳಕೆಯು ಇದಕ್ಕೆ ದೃಷ್ಟಾಂತ ಮಾತ್ರ, ಪ್ರಮಾಣವಲ್ಲ. ಆ ಸೂಕ್ಷ್ಮಜೀವಗಳು ಇಂದ್ರಿಯಗೋಚರವಲ್ಲವೆಂಬುದನ್ನೂ ಜೊತೆಗೇ ತಿಳಿಸುವುದು ಪ್ರಾಮಾಣಿಕತೆ. “ಹಾಗಾದರೆ ಕಡಲೆಕಾಯಿಯೂ ನೆಲದೊಳಗೇ ಬೆಳೆಯುತ್ತದಲ್ಲ?” ಎಂದು ಚುರುಕಾದ ಮಗು ಕೇಳಿಯೇ ಕೇಳುತ್ತದೆ. ಗದರಿಸಬಾರದು. ಕಡಲೆಕಾಯಿಯ ಹೂವು ಅರಳುವುದು ನೆಲದ ಮೇಲೆ. ಬಳಿಕ ಅದರ ಮೊಗೆಯಂತಹ ಎಳೆ ಕೆಳಗಿಳಿದು ಮಣ್ಣನ್ನು ಹೊಕ್ಕು ಕಾಯಾಗುತ್ತದೆ. ಅದು ಬೇರೂ ಅಲ್ಲ, ಗಡ್ಡೆಯೂ ಅಲ್ಲ, ಬೀಜ. ಒಂದು ಗಿಡವನ್ನು ತೋರಿಸಿದರೆ ಹತ್ತು ಮಾತು ಉಳಿಯುತ್ತದೆ.

ಮೂಲಗುಣಗಳ ಪಾಠಕ್ಕೂ ಈ ಸೀಮೆ ಅನುಕೂಲವಾದುದೇ. ಮದ್ಯ, ಮಾಂಸ, ಮಧುಗಳೊಡನೆ ಐದು ಉದುಂಬರಫಲಗಳ ತ್ಯಾಗವನ್ನು ಅಮೃತಚಂದ್ರಸೂರಿಗಳು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ವಿಧಿಸಿದ್ದಾರೆ. ಆಲ, ಅರಳಿ, ಅತ್ತಿಗಳು ಇವುಗಳಲ್ಲಿ ಸೇರಿವೆ. ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥಕ್ಕೆ ಹೆಸರು ಬಂದುದೇ ಅರಳಿಯ ಮರದಿಂದ. ಅತ್ತಿಯ ಹಣ್ಣಿನೊಳಗೆ ಹುಳುವಿರುವುದು ಹಳ್ಳಿಯ ಮಕ್ಕಳಿಗೆಲ್ಲ ಗೊತ್ತು. ಹೂವುಗಳು ಒಳಗೇ ಅಡಗಿರುವುದರಿಂದ ಪರಾಗಸ್ಪರ್ಶಕ್ಕಾಗಿ ಕಿರುಕಣಜಗಳು ಅದರೊಳಗೇ ಹುಟ್ಟಿ ಬೆಳೆಯುತ್ತವೆ. ತೋರಿಸಬೇಕೆಂದು ಹಣ್ಣನ್ನು ಕೊಯ್ದು ಸೀಳಬಾರದು. ತಾನಾಗಿ ಬಿದ್ದು ಬಿರಿದುದನ್ನು ನೋಡಿಸಿ ಮರದ ಬುಡದಲ್ಲಿಯೇ ಬಿಡುವುದು ಸರಿ.

ಮಧ್ಯಾಹ್ನದ ಪಂಕ್ತಿಯ ವಿಚಾರ ಇನ್ನೂ ಸೂಕ್ಷ್ಮವಾದುದು. ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ 2021ರಲ್ಲಿ ಮೊದಲಾದ ಮೊಟ್ಟೆಯ ವಿತರಣೆ ಮರುವರ್ಷ ಉಳಿದೆಡೆಗೂ ಬಂದಿತು. ಒಲ್ಲದವರಿಗೆ ಬಾಳೆಹಣ್ಣು ಅಥವಾ ಕಡಲೆಕಾಯಿಯ ಚಿಕ್ಕಿಯೆಂದು ಆಗ ಗೊತ್ತುಮಾಡಲಾಯಿತು. ಬಾಳೆಹಣ್ಣು ಹಿಡಿದ ಮಗು ಮೊಟ್ಟೆ ಹಿಡಿದವನಿಗಿಂತ ತಾನು ಮೇಲೆಂದು ಭಾವಿಸಿದರೆ ಮಾನಕಷಾಯವು ಆರನೆಯ ವರ್ಷಕ್ಕೇ ಬೇರೂರಿದಂತೆ. “ನನಗೆ ಹಣ್ಣು ಕೊಡಿ ಅಕ್ಕ” ಎಂದು ಬಡಿಸುವವರನ್ನು ವಿನಯದಿಂದ ಕೇಳಿ, ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ತಾಯಿ ಮನೆಯಲ್ಲಿಯೇ ಅಭ್ಯಾಸ ಮಾಡಿಸಬೇಕು.

ಇನ್ನು ಉಪವಾಸ. ಎಂಟು ವರ್ಷ ತುಂಬುವವರೆಗೆ ಮೂಲಗುಣಗಳ ಪಾಲನೆಯ ಹೊಣೆ ತಂದೆತಾಯಿಗಳದೆಂಬುದು ನಮ್ಮಲ್ಲಿ ನಡೆದುಬಂದ ಕ್ರಮ. ಮೊದಲ ಮೂರು ತರಗತಿಗಳ ಮಕ್ಕಳು ಬಹುಮಟ್ಟಿಗೆ ಈ ವಯಸ್ಸಿನವರೇ. ಆದರೂ ಕೆಲವು ಮನೆಗಳಲ್ಲಿ ಅಷ್ಟಮಿ, ಚತುರ್ದಶಿಗಳಂದು ಆರು ವರ್ಷದ ಮಗುವನ್ನೂ ನಿರಾಹಾರವಾಗಿ ಶಾಲೆಗೆ ಕಳುಹಿಸಿ, ಬಂಧುಗಳೆದುರು ಅದನ್ನು ಹೊಗಳಿಕೊಳ್ಳುವುದುಂಟು. ಊಟದ ಗಂಟೆ ಬಾರಿಸಿದಾಗ ಆ ಮಗು ಗೋಡೆಗೊರಗಿ ಉಳಿದವರ ತಟ್ಟೆಗಳನ್ನು ನೋಡುತ್ತಿರುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳಿವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಆಶ್ರಿತರಿಗೆ ಹೊತ್ತಿಗೆ ಸರಿಯಾಗಿ ಅನ್ನಪಾನ ದೊರೆಯದಂತೆ ಮಾಡುವುದು ಕೊನೆಯದು. ಇದನ್ನು ಎತ್ತುಹಸುಗಳಿಗೆ ಮಾತ್ರ ಅನ್ವಯಿಸಿ ಓದುವ ವಾಡಿಕೆ ಬೆಳೆದಿದೆ. ಮನೆಯ ಮಗುವಿಗಿಂತ ಆಶ್ರಿತರು ಯಾರು? ಮಗುವೇ ಆಸೆಪಟ್ಟು ಕೇಳಿದರೆ ಆ ದಿನ ಬೆಲ್ಲವನ್ನೋ ತುಪ್ಪವನ್ನೋ ಬಿಡಿಸಬಹುದು. ರಸಪರಿತ್ಯಾಗವೂ ತಪಸ್ಸೇ. ಹೊಟ್ಟೆ ತುಂಬ ಉಂಡು, ಸಂಜೆ ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸಿದರೆ ಅದರ ವಯಸ್ಸಿಗೆ ಸಾಕು.

ಅವರೆಕಾಯಿಯ ಕಾಲದಲ್ಲಿ ಒಂದು ಮೊರ ಕಾಯಿಯನ್ನು ಮಗುವಿನ ಮುಂದಿಡಬಹುದು. ಬಿಡಿಸುವಾಗ ಹುಳು ಕಾಣಿಸುತ್ತದೆ. ಶೋಧನೆಯೆಂದರೆ ಇದೇ ಎಂದು ಅಜ್ಜಿ ಹೇಳಲಿ. ಹುಳುವಿರುವ ಸಿಪ್ಪೆಯನ್ನು ಒಲೆಯ ಕಡೆಗೆಸೆಯದೆ, ಹಿತ್ತಲಲ್ಲಿ ನೆರಳಿರುವ ಹಸಿರೆಲೆಯ ಮೇಲೆ ಇರಿಸಿ ಬರಲು ಮಗುವನ್ನೇ ಕಳುಹಿಸಲಿ.