ಕೊಡಚಾದ್ರಿ ಏರುವ ಭಕ್ತಾದಿಗಳ ಗಂಟುಮೂಟೆ

1343 ಮೀಟರ್ ಎತ್ತರದ ಕೊಡಚಾದ್ರಿಗೆ ಜೀಪಿನಲ್ಲಿ ಬರುವವರು ಎಷ್ಟು ಸಾಮಾನು ತಂದರೂ ನಡೆದೀತು. ಆದರೆ ಮೂಲ ಮೂಕಾಂಬಿಕೆಯ ಗುಡಿಯಿಂದ ಸರ್ವಜ್ಞಪೀಠಕ್ಕೆ ಎಲ್ಲರೂ ಕಾಲ್ನಡಿಗೆಯಲ್ಲೇ ಹೋಗಬೇಕು. ಹಿಡ್ಲುಮನೆ ಜಲಪಾತದ ಕಡೆಯಿಂದ ನಡೆದೇ ಹತ್ತುವವರಂತೂ ಮನೆಯಲ್ಲೇ ಚೀಲ ತೂಗಿ ಹೊರಡುವುದು ಒಳ್ಳೆಯದು. ಚೀಲ ಹಾಕಿಕೊಂಡು ಒಮ್ಮೆ, ಇಳಿಸಿ ಒಮ್ಮೆ ತೂಕದ ಯಂತ್ರದ ಮೇಲೆ ನಿಂತರೆ ಗೊತ್ತಾಗುತ್ತೆ.

ಒಂದು ದಿನದ ನಡಿಗೆಗೆ ಹೊರೆ ದೇಹತೂಕದ ಹತ್ತನೇ ಒಂದು ಪಾಲಿನಷ್ಟಿದ್ದರೆ ಹಿತ. 60 ಕೆ.ಜಿ. ಇರುವವರಿಗೆ 6 ಕೆ.ಜಿ., ಅಷ್ಟೇ. ಅದರಲ್ಲಿ ಎರಡು ಲೀಟರ್ ನೀರೇ 2 ಕೆ.ಜಿ. ಆಯಿತು, ನೀರು ಕಡಿಮೆ ಮಾಡೋ ಹಾಗಿಲ್ಲ. ಕಡಿಮೆ ಮಾಡಬೇಕಾದ್ದು ಬಟ್ಟೆಯನ್ನು. ಜೀನ್ಸ್ ಪ್ಯಾಂಟು ನೆನೆದರೆ ಮಣಭಾರ, ಬೇಗ ಒಣಗೋದೂ ಇಲ್ಲ. ತುದಿಯ ಗಾಳಿಗೆ ಕೊಡೆ ನಿಲ್ಲಲ್ಲ, ರೇನ್‌ಕೋಟೇ ಸರಿ. ಮಳೆಗಾಲದಲ್ಲಿ ಇಂಬಳ ಕಾಟಕ್ಕೆ ಉದ್ದ ಕಾಲುಚೀಲ, ಒಂದು ಚಿಕ್ಕ ಪೊಟ್ಟಣ ಉಪ್ಪು ಸಾಕು.

ಭಾರದ ವಸ್ತು ಬೆನ್ನಿಗೆ ಅಂಟಿಕೊಂಡಿರುವಂತೆ ಇಡಬೇಕು. ಹೊರಗಡೆ ಇಟ್ಟರೆ ಚೀಲ ಹಿಂದಕ್ಕೆ ಎಳೆಯುತ್ತದೆ. ಜಲಪಾತದ ಪಕ್ಕದ ಒದ್ದೆ ಬಂಡೆ ಹತ್ತುವಾಗ ಜಾರಿ ಬೀಳೋದು ಹೀಗೇ. ಒಂದೇ ಹೆಗಲಿಗೆ ತೂಗುಹಾಕುವ ಚೀಲ ಬೇಡವೇ ಬೇಡ. ಇಳಿಯುವಾಗ ಭಾರವೆಲ್ಲ ಮಂಡಿಗೆ ಬೀಳುವುದರಿಂದ ವಯಸ್ಸಾದವರು ಒಂದು ಕೋಲು ಹಿಡಿಯಲಿ. ಮಕ್ಕಳ ಚೀಲ ಅರ್ಧ ದಾರಿಗೆ ಅಪ್ಪನ ಹೆಗಲೇರುತ್ತದೆ, ಅದನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಹಣ್ಣುಕಾಯಿ ಹೊತ್ತು ತರುವವರು ಮನೆಗೊಂದು ಕಾಯಿ ತಂದರೆ ಸಾಕು, ತಲೆಗೊಂದು ಬೇಡ.